ದಂಡಿನ ತಂಡಗಳ ಎರವಲು ಬಲ: 1943ರ ಎರಡು ಫುಟ್‌ಬಾಲ್ ಪ್ರಸಂಗಗಳ ತೌಲನಿಕ ವಿವೇಚನೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕ ನೆಲೆಗಳ ತಂಡಗಳು ಕಾಲೇಜು, ಕ್ಲಬ್ಬುಗಳ ತಂಡಗಳೊಡನೆ ಋತುವಿಡೀ ಆಡಿದವು. ಅವುಗಳ ಬಲ ಎಲ್ಲಿಂದ ಬಂತು, ಯುದ್ಧ ಮುಗಿದ ಮೇಲೆ ಅದು ಯಾರ ಪಾಲಾಯಿತು ಎಂಬುದು ಈ ಲೇಖನದ ಪ್ರಶ್ನೆ. ಇದಕ್ಕಾಗಿ 1943ರ ಎರಡು ಪ್ರಸಂಗಗಳನ್ನು ಆರಿಸಿಕೊಳ್ಳಲಾಗಿದೆ. ಒಂದು ಅಮೆರಿಕದ ಗ್ರೇಟ್ ಲೇಕ್ಸ್ ನೌಕಾ ತರಬೇತಿ ಕೇಂದ್ರದ್ದು, ಮತ್ತೊಂದು ಬೆಂಗಳೂರಿನ ಆಷ್ ಗೋಲ್ಡ್ ಕಪ್‌ನದು. ಎರಡನೆಯದರಲ್ಲಿ ಗೆದ್ದದ್ದು ಹೈದರಾಬಾದಿನ ತಂಡ. ಕುಂಚಾವರಂ, ಚಿಂಚೋಳಿ, ಸೇಡಂ, ಚಿತ್ತಾಪುರದ ಸೀಮೆ ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದು, ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಹೀಗಾಗಿ ಈ ಗೆಲುವು ನಮ್ಮ ಭಾಗದ ಚರಿತ್ರೆಗೂ ಸಂಬಂಧಿಸಿದ್ದು.

1. ಗ್ರೇಟ್ ಲೇಕ್ಸ್: ಕಾಲೇಜಿನವರೇ ಕಾಲೇಜಿನ ಎದುರಾಳಿಗಳು

ಅಲ್ಲಿ ಆಡುತ್ತಿದ್ದದ್ದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. 1943ರ ಜುಲೈನಲ್ಲಿ ನೌಕಾದಳವು ವಿ-12 ಎಂಬ ಅಧಿಕಾರಿ ತರಬೇತಿಯನ್ನು ಕಾಲೇಜುಗಳಲ್ಲಿಯೇ ಆರಂಭಿಸಿ, ಅಲ್ಲಿನ ಅಭ್ಯರ್ಥಿಗಳಿಗೆ ಆ ಕಾಲೇಜಿನ ಪರ ಆಡಲು ಅನುಮತಿ ಕೊಟ್ಟಿತು. ಭೂಸೇನೆ ತನ್ನ ಅಭ್ಯರ್ಥಿಗಳಿಗೆ ಆ ಅವಕಾಶ ಕೊಡಲಿಲ್ಲ. ಆಟಗಾರರಿಲ್ಲದೆ ಹಲವು ಕಾಲೇಜುಗಳು ಆ ವರ್ಷ ತಂಡವನ್ನೇ ಕಟ್ಟಲಿಲ್ಲ. ಯಾವ ತಂಡ ಬಲಿಷ್ಠ ಎಂಬುದು ಮೈದಾನಕ್ಕಿಂತ ಮೊದಲು ವರ್ಗಾವಣೆಯ ಆದೇಶಗಳಲ್ಲಿ ತೀರ್ಮಾನವಾಗುತ್ತಿತ್ತು.

ನಾಟರ್‌ಡೇಮ್ ವಿಶ್ವವಿದ್ಯಾಲಯದ ಉದಾಹರಣೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅದರ ಮುಖ್ಯ ಆಟಗಾರ ಆ್ಯಂಜೆಲೊ ಬರ್ಟೆಲ್ಲಿ ಆರು ಪಂದ್ಯಗಳಾದ ಮೇಲೆ ಮರೀನ್ ಪಡೆಗೆ ಹೊರಟುಹೋದ. ಆದರೂ ತಂಡ ಸೋಲಲಿಲ್ಲ. ನವೆಂಬರ್ 20ರಂದು ಅಯೋವಾ ಪ್ರಿ-ಫ್ಲೈಟ್ ಎಂಬ ನೌಕಾ ವೈಮಾನಿಕ ಶಾಲೆಯ ತಂಡವನ್ನು 14-13ರಿಂದ ಕಷ್ಟಪಟ್ಟು ಮಣಿಸಿತು. ಒಂದು ವಾರದ ಬಳಿಕ, ನವೆಂಬರ್ 27ರಂದು, ಗ್ರೇಟ್ ಲೇಕ್ಸ್ ಎದುರಾಯಿತು. ಕೊನೆಯ ನಿಮಿಷಗಳಲ್ಲಿ ನಾಟರ್‌ಡೇಮ್ 14-12ರಿಂದ ಮುಂದಿತ್ತು. ಆಟ ಇನ್ನೇನು ಮುಗಿಯಬೇಕು ಎನ್ನುವಾಗ ಸ್ಟೀವ್ ಲ್ಯಾಕ್ ಎಸೆದ ಚೆಂಡನ್ನು ಪಾಲ್ ಆ್ಯಂಡರ್ಸನ್ ಹಿಡಿದು ಗೆರೆ ದಾಟಿದ. ನೌಕಾದಳದವರು 19-14ರಿಂದ ಗೆದ್ದರು. ಇಷ್ಟಾದರೂ ವರ್ಷಾಂತ್ಯದ ಪಟ್ಟಿಯಲ್ಲಿ ಮೊದಲ ಸ್ಥಾನ ನಾಟರ್‌ಡೇಮ್‌ಗೇ ಸಿಕ್ಕಿತು. ಗ್ರೇಟ್ ಲೇಕ್ಸ್ ಪರ ಆಡಿದ್ದ ಎಮಿಲ್ ಸಿಟ್ಕೊ ಯುದ್ಧದ ನಂತರ ಅದೇ ನಾಟರ್‌ಡೇಮ್‌ಗೆ ಮರಳಿ ಹೆಸರು ಮಾಡಿದ. ನೆಲೆಯ ಬಲ ಎರವಲು ತಂದದ್ದು. ಯುದ್ಧ ತೀರಿದ ಕೂಡಲೇ ಅದು ತವರಿಗೆ ಮರಳಿತು.

2. ಬೆಂಗಳೂರು: ದಂಡಿನೆದುರು ಊರಿನ ತಂಡ

ಭಾರತದಲ್ಲಿ ದಂಡಿನ ತಂಡಗಳ ಚರಿತ್ರೆ ಯುದ್ಧಕ್ಕಿಂತ ಹಳೆಯದು. 1888ರಲ್ಲಿ ಶಿಮ್ಲಾದಲ್ಲಿ ಶುರುವಾದ ಡ್ಯುರಾಂಡ್ ಕಪ್ ಮೂಲತಃ ರೆಜಿಮೆಂಟುಗಳ ಪಂದ್ಯಾವಳಿ. ಅದನ್ನು ಮೊದಲು ಗೆದ್ದ ಭಾರತೀಯ ನಾಗರಿಕ ತಂಡ ಮೊಹಮ್ಮಡನ್ ಸ್ಪೋರ್ಟಿಂಗ್, 1940ರಲ್ಲಿ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಾಗಲೇ ದಂಡು ಪ್ರದೇಶದ ಹುಡುಗರು ಸೋಜರರ ಆಟವನ್ನು ಕರಗತ ಮಾಡಿಕೊಂಡಿದ್ದರು.

1943ರ ಆಷ್ ಗೋಲ್ಡ್ ಕಪ್ ಫೈನಲ್‌ನಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ ರಾಯಲ್ ಏರ್ ಫೋರ್ಸ್ ತಂಡವನ್ನು ಸೋಲಿಸಿತು. ಆಗ ಪೊಲೀಸ್ ತಂಡಕ್ಕೆ ಸಿಟಿ ಅಫ್ಘಾನ್ಸ್ ಎಂಬ ಹೆಸರೂ ಇತ್ತು. ಎದುರಾಳಿ ತಂಡದಲ್ಲಿ ಇಂಗ್ಲೆಂಡಿನ ಕ್ರಿಕೆಟ್ ಮತ್ತು ಫುಟ್‌ಬಾಲ್ ಆಟಗಾರ ಡೆನಿಸ್ ಕಾಂಪ್ಟನ್ ಆಡಿದ್ದನೆಂಬ ಮಾತು ಪದೇ ಪದೇ ಉಲ್ಲೇಖವಾಗುತ್ತದೆ. ಇದನ್ನು ಒಪ್ಪುವುದು ಕಷ್ಟ. ಕಾಂಪ್ಟನ್ ಇದ್ದದ್ದು ವಾಯುಪಡೆಯಲ್ಲಲ್ಲ, ಭೂಸೇನೆಯಲ್ಲಿ. 1943ರ ಮೇ ತಿಂಗಳಲ್ಲಿ ಅವನು ಲಂಡನ್ನಿನ ವೆಂಬ್ಲಿಯಲ್ಲಿ ಆರ್ಸೆನಲ್ ಪರ ಯುದ್ಧಕಾಲದ ಕಪ್ ಫೈನಲ್ ಆಡುತ್ತಿದ್ದ. ಭಾರತದಲ್ಲಿ ಅವನು ಹೆಸರಾದದ್ದು 1944-45ರ ರಣಜಿ ಫೈನಲ್‌ನಲ್ಲಿ ಹೋಳ್ಕರ್ ತಂಡಕ್ಕಾಗಿ ಗಳಿಸಿದ ಅಜೇಯ 249 ರನ್ನುಗಳಿಂದ. ಗೆಲುವಿಗೆ ತೂಕ ತರಲೆಂದು ದೊಡ್ಡ ಹೆಸರೊಂದು ಆಮೇಲೆ ಸೇರಿಕೊಂಡಿರಬೇಕು. ಆ ಹೆಸರಿಲ್ಲದೆಯೂ ಗೆಲುವಿನ ಮಹತ್ವ ಕುಂದುವುದಿಲ್ಲ.

3. ಉಳಿದದ್ದು ಯಾವುದು?

ವಾಯುಪಡೆಯ ತಂಡ ಯುದ್ಧದೊಂದಿಗೆ ಚದುರಿತು, ಪೊಲೀಸ್ ತಂಡ ಬೆಳೆಯಿತು. ಇದಕ್ಕೆ ಎರಡು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ನೌಕರಿ: ಪೊಲೀಸ್ ಇಲಾಖೆಯ ಸಂಬಳವಿದ್ದುದರಿಂದ ಆಟಗಾರ ವರ್ಷಗಟ್ಟಲೆ ಒಂದೇ ತಂಡದಲ್ಲಿ ನಿಲ್ಲುತ್ತಿದ್ದ. ಎರಡನೆಯದು ವಿದ್ಯಾಸಂಸ್ಥೆ. ಉಸ್ಮಾನಿಯಾ ವಿಶ್ವವಿದ್ಯಾಲಯದ ಪರ ಆಡಿ, ಶಾಲಾ ಮಾಸ್ತರರಾಗಿದ್ದ ಸೈಯದ್ ಅಬ್ದುಲ್ ರಹೀಂ ಯುದ್ಧಕಾಲದಲ್ಲಿಯೇ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಡ್ರಿಬ್ಲಿಂಗ್ ಮಾಡುವುದನ್ನು ನಿಷೇಧಿಸಿದ ಪಂದ್ಯಾವಳಿಗಳನ್ನು ನಡೆಸಿ, ಬಂದ ಚೆಂಡನ್ನು ಥಟ್ಟನೆ ದಾಟಿಸುವ ರೂಢಿ ಹಾಕಿದರು. ಅಮೆರಿಕದ ನೆಲೆ ಕಾಲೇಜಿನಿಂದ ಸಿದ್ಧ ಆಟಗಾರರನ್ನು ಪಡೆದರೆ, ಹೈದರಾಬಾದಿನಲ್ಲಿ ಕಾಲೇಜಿನಿಂದ ಬಂದದ್ದು ತರಬೇತುದಾರ.

ಯುದ್ಧದ ಕಾರಣ 1941ರಿಂದ ನಿಂತಿದ್ದ ಡ್ಯುರಾಂಡ್ ಕಪ್ 1950ರಲ್ಲಿ ಮತ್ತೆ ನಡೆದಾಗ ರಹೀಂ ತರಬೇತಿಯ ಪೊಲೀಸ್ ತಂಡ ಮೋಹನ್ ಬಗಾನ್ ಅನ್ನು ಸೋಲಿಸಿ ಗೆದ್ದಿತು. 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಅದರದಾಯಿತು. ಮೈಸೂರು ಕೂಡ ಹಿಂದೆ ಬೀಳಲಿಲ್ಲ: 1946-47ರ ಸಂತೋಷ್ ಟ್ರೋಫಿ ಅದರದು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಅಲ್ಲಿಯವರೇ.

ಉಪಸಂಹಾರ

ಸೈನಿಕ ನೆಲೆಯ ತಂಡ ಒಂದು ಋತುವನ್ನು ಗೆಲ್ಲಬಲ್ಲದು. ಆಟದ ಪರಂಪರೆ ಕಟ್ಟುವುದು ಕಾಲೇಜು, ಕ್ಲಬ್, ಇಲಾಖೆಗಳಂಥ ನಿಂತ ಸಂಸ್ಥೆಗಳೇ. ಕಲ್ಯಾಣ ಕರ್ನಾಟಕದ ಕ್ರೀಡಾ ಚರಿತ್ರೆಯನ್ನು ಬೆಂಗಳೂರಿನ ಕಡೆಯಿಂದ ಮಾತ್ರ ಬರೆದರೆ ಅದು ಅರ್ಧವೇ ಆದೀತು. 1948ಕ್ಕೆ ಮುಂಚಿನ ಸಂಸ್ಥಾನದ ಆಡಳಿತ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದು. ಆದ್ದರಿಂದ ಈ ಭಾಗದ ವಿಶ್ವವಿದ್ಯಾಲಯಗಳು ಉರ್ದು ಬಲ್ಲ ಸಂಶೋಧಕರನ್ನು ‘ರಹಬರ್-ಎ-ದಕ್ಕನ್’ನಂಥ ಹಳೆಯ ಪತ್ರಿಕೆಗಳ ಕಡತಗಳಿಗೆ ಕಳಿಸಿ, ಕ್ರೀಡಾ ವರದಿಗಳನ್ನು ಕನ್ನಡಕ್ಕೆ ತರಿಸಬೇಕು.