ಐದೂವರೆ ನಿಮಿಷದ ಮೈಲಿ

ನಮ್ಮೂರಿನ ಮೈದಾನಕ್ಕೆ ಬೆಳಗಿನ ಐದು ಗಂಟೆಗೆ ಹೋದರೆ ಇಪ್ಪತ್ತು ಇಪ್ಪತ್ತೈದು ಹುಡುಗರು ಕಾಣುತ್ತಾರೆ. ಕೆಲವರ ಕಾಲಲ್ಲಿ ಕ್ಯಾನ್ವಾಸ್ ಬೂಟು, ಕೆಲವರದು ಬರಿಗಾಲು. ಸುತ್ತಲಿನ ಹಳ್ಳಿಗಳಿಂದ ಸೈಕಲ್ಲಿನಲ್ಲೋ, ಒಂದೇ ಬೈಕಿನ ಮೇಲೆ ಮೂವರಾಗಿಯೋ ಬಂದವರು. ಅವರನ್ನು ಓಡಿಸುವವರು ಸೈನ್ಯದಿಂದ ನಿವೃತ್ತರಾದ ಹವಾಲ್ದಾರರೊಬ್ಬರು. ಹುಡುಗರಿಗೆ ಅವರ ಮೇಲೆ ಒಂದೇ ದೂರು: ವಾರದಲ್ಲಿ ಐದು ದಿನ ಅವರು ಗಡಿಯಾರವನ್ನು ಜೇಬಿನಿಂದ ಹೊರಗೆ ತೆಗೆಯುವುದೇ ಇಲ್ಲ. 'ಸರ್, ಟೈಮು ನೋಡದೆ ಟೈಮು ಹೇಗೆ ಕಮ್ಮಿಯಾಗುತ್ತೆ?' ಎಂದು ಒಬ್ಬ ಕೇಳಿದ್ದು ನನ್ನ ಕಿವಿಗೂ ಬಿತ್ತು. ಅವರು ಉತ್ತರ ಕೊಡಲಿಲ್ಲ. ಇನ್ನೆರಡು ಸುತ್ತು ನಿಧಾನವಾಗಿ ಓಡಿ ಬಾ ಎಂದರು. ಹುಡುಗನ ಪ್ರಶ್ನೆ ಸಣ್ಣದೇನಲ್ಲ. ಅದಕ್ಕೆ ಉತ್ತರ ಕಂಡುಕೊಳ್ಳಲು ಜಗತ್ತಿನ ಸೈನ್ಯಗಳಿಗೂ ಓಟಗಾರರಿಗೂ ಬಹಳ ಕಾಲ ಹಿಡಿದಿದೆ.

ಮೊದಲು ಹುಡುಗರ ಲೆಕ್ಕವನ್ನು ನೋಡೋಣ. ಭಾರತೀಯ ಸೇನೆಯ ಭರ್ತಿ ರ‍್ಯಾಲಿಗಳಲ್ಲಿ ಅನೇಕ ವರ್ಷಗಳಿಂದ ನಡೆದುಬಂದ ಓಟ 1.6 ಕಿಲೋಮೀಟರಿನದು, ಅಂದರೆ ಹೆಚ್ಚುಕಡಿಮೆ ಒಂದು ಮೈಲಿ. ಐದೂವರೆ ನಿಮಿಷದೊಳಗೆ ಮುಗಿಸಿದವನಿಗೆ 60 ಅಂಕ. ಅದರ ಮೇಲೆ ಹದಿನೈದು ಸೆಕೆಂಡು ತಡವಾದವನಿಗೆ 48. ಕಂಬಿ ಹಿಡಿದು ಹತ್ತು ಸಲ ಮೈ ಎತ್ತಿದರೆ ಉಳಿದ 40 ಅಂಕ. ಕಂಬಿಯ ಕೆಲಸವನ್ನು ಹೊಲದಲ್ಲಿ ದುಡಿದ ಹುಡುಗರು ಹೇಗೋ ದಾಟುತ್ತಾರೆ. ಬಹುಪಾಲು ಕನಸುಗಳು ಒಡೆಯುವುದು ಓಟದಲ್ಲಿ. ನಾನೂರು ಮೀಟರಿನ ಅಂಕಣವಾದರೆ ನಾಲ್ಕು ಸುತ್ತು. ಒಂದೊಂದಕ್ಕೆ ಎಂಬತ್ತೆರಡೂವರೆ ಸೆಕೆಂಡು. ಪರಿಣತ ಓಟಗಾರನಿಗೆ ಇದೇನೂ ದೊಡ್ಡ ವೇಗವಲ್ಲ. ಆದರೆ ಎರಡು ತಿಂಗಳ ಹಿಂದೆ ಓಡಲು ಶುರುಮಾಡಿದ ಹುಡುಗನಿಗೆ, ಅದೂ ನೂರಾರು ಜನರ ನೂಕುನುಗ್ಗಲಿನ ಮಧ್ಯೆ, ಇದು ಬೆಟ್ಟ.

ಯುದ್ಧಕ್ಕೂ ಸೆಕೆಂಡಿನ ಮುಳ್ಳಿಗೂ ಈ ನಂಟು ಯಾವಾಗ ಬೆಳೆಯಿತು? ಹಳೆಯ ಸೈನ್ಯಗಳಿಗೆ ಓಟ ಗೊತ್ತಿರಲಿಲ್ಲವೆಂದಲ್ಲ. ಕ್ರಿ.ಪೂ. 520ರ ಹೊತ್ತಿಗೆ ಗ್ರೀಕರು ಒಲಿಂಪಿಕ್ಸ್‌ನಲ್ಲಿ ಶಿರಸ್ತ್ರಾಣ, ಗುರಾಣಿ ಹೊತ್ತು ಓಡುವ ಸ್ಪರ್ಧೆಯನ್ನು ಸೇರಿಸಿದ್ದರು. ರೋಮನ್ ಸೈನ್ಯದ ಬಗ್ಗೆ ಬರೆದ ವೆಜೀಷಿಯಸ್, ಹೊಸ ಸೈನಿಕರು ಬೇಸಿಗೆಯ ಐದು ಗಂಟೆಗಳಲ್ಲಿ ಇಪ್ಪತ್ತು ಮೈಲಿ ನಡೆಯುವುದನ್ನು ಕಲಿಯಬೇಕು ಎನ್ನುತ್ತಾನೆ. ಓಟ, ನೆಗೆತಗಳನ್ನೂ ಹೇಳುತ್ತಾನೆ. ಆದರೆ ಅವನ ಗಂಟೆ ನಮ್ಮ ಗಂಟೆಯಲ್ಲ. ಹಗಲನ್ನು ಹನ್ನೆರಡು ಪಾಲು ಮಾಡಿದ ಲೆಕ್ಕವಾದ್ದರಿಂದ ಬೇಸಿಗೆಯಲ್ಲಿ ಅದು ಹಿಗ್ಗುತ್ತಿತ್ತು, ಚಳಿಗಾಲದಲ್ಲಿ ಕುಗ್ಗುತ್ತಿತ್ತು. ಅಂಥ ಗಡಿಯಾರದಿಂದ ಯಾರನ್ನೂ ಅರ್ಧ ನಿಮಿಷಕ್ಕೆ ಅನುತ್ತೀರ್ಣಗೊಳಿಸಲು ಸಾಧ್ಯವಿರಲಿಲ್ಲ! ನಮ್ಮಲ್ಲೂ ಅಷ್ಟೆ. ಗರಡಿಮನೆಯಲ್ಲಿ ಸಾಮು ಮಾಡಿದವನ ಬಲವನ್ನು ಅಳೆಯುತ್ತಿದ್ದುದು ಎದುರಾಳಿಯ ಬೆನ್ನು ಮಣ್ಣು ಮುಟ್ಟಿತೇ ಎಂಬುದರಿಂದ. ಓಟವನ್ನೇ ವೃತ್ತಿಯಾಗಿ ಉಳ್ಳವರು ಮೈಸೂರಿನ ಅಂಚೆ ಹೊರುವವರೇ ಹೊರತು ಸಿಪಾಯಿಗಳಲ್ಲ.

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಸೈನಿಕನ ದೇಹವನ್ನು ಅಳೆಯುವ ಹುಚ್ಚು ಹತ್ತಿತು. ಕ್ರಿಮಿಯಾ ಯುದ್ಧದ ಅನುಭವದಿಂದ ಎಚ್ಚೆತ್ತ ಬ್ರಿಟಿಷ್ ಸೈನ್ಯ, 1860ರ ಸುಮಾರಿಗೆ ಹನ್ನೆರಡು ಮಂದಿ ಕಿರಿಯ ಅಧಿಕಾರಿಗಳನ್ನು ಆಕ್ಸ್‌ಫರ್ಡಿನ ವ್ಯಾಯಾಮ ಶಿಕ್ಷಕ ಆರ್ಚಿಬಾಲ್ಡ್ ಮೆಕ್ಲಾರೆನ್ ಬಳಿಗೆ ಕಳುಹಿಸಿತು. ತಿಂಗಳುಗಳ ತರಬೇತಿಯ ನಂತರ ಆತ ಅಳೆದು ತೋರಿಸಿದ್ದು ಏನು? ಎದೆಯ ಸುತ್ತಳತೆ, ತೋಳಿನ ದಪ್ಪ, ತೂಕ. ಓಟದ ವೇಳೆಯಲ್ಲ. ಉಸಿರೆಳೆದಾಗ ಎದೆ ಐದು ಸೆಂಟಿಮೀಟರ್ ಹಿಗ್ಗಬೇಕು ಎಂದು ನಮ್ಮ ಭರ್ತಿಗಳಲ್ಲಿ ಟೇಪು ಹಿಡಿಯುವುದನ್ನು ಕಂಡಾಗಲೆಲ್ಲ ನನಗೆ ಆ ಹನ್ನೆರಡು ಮಂದಿಯ ನೆನಪಾಗುತ್ತದೆ. ಎದೆ ಅಗಲವಾದಷ್ಟೂ ದಮ್ಮು ಹೆಚ್ಚು ಎಂಬುದು ಆ ಕಾಲದ ನಂಬಿಕೆ.

ದಮ್ಮು ಇರುವುದು ಎದೆಯ ಅಗಲದಲ್ಲಿ ಅಲ್ಲ ಎಂದು ಗೊತ್ತಾಗಲು ಒಬ್ಬ ಶರೀರವಿಜ್ಞಾನಿ ಸ್ವತಃ ಓಡಬೇಕಾಯಿತು. ಎ.ವಿ. ಹಿಲ್ ಇಂಗ್ಲೆಂಡಿನ ವಿಜ್ಞಾನಿ. ಸ್ನಾಯುಗಳು ಹುಟ್ಟಿಸುವ ಶಾಖವನ್ನು ಕುರಿತ ಕೆಲಸಕ್ಕೆ 1922ರ ನೊಬೆಲ್ ಬಹುಮಾನ ಹಂಚಿಕೊಂಡವರು. ಬೆನ್ನಿಗೆ ಚೀಲ ಕಟ್ಟಿಕೊಂಡು, ಬಿಟ್ಟ ಉಸಿರನ್ನೆಲ್ಲ ಅದರೊಳಗೆ ತುಂಬಿಸುತ್ತ ಅವರು ಹುಲ್ಲಿನ ಅಂಕಣದಲ್ಲಿ ಸುತ್ತು ಹಾಕಿದರು. ವೇಗ ಹೆಚ್ಚಿದಂತೆ ದೇಹ ಬಳಸುವ ಆಮ್ಲಜನಕವೂ ಹೆಚ್ಚುತ್ತ ಹೋಗಿ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ ಎಂದು 1923ರಲ್ಲಿ ಪ್ರಕಟಿಸಿದರು. ಅದಕ್ಕಿಂತ ವೇಗವಾಗಿ ಓಡಿದರೆ ದೇಹ ಸಾಲ ಮಾಡಿ ಓಡುತ್ತದೆ. ಸಾಲ ಬಹಳ ಹೊತ್ತು ಸಿಗುವುದಿಲ್ಲ. ಮೊದಲ ಸುತ್ತನ್ನು ಎಪ್ಪತ್ತು ಸೆಕೆಂಡಿನಲ್ಲಿ ಓಡಿ ಮೂರನೆಯ ಸುತ್ತಿನಲ್ಲಿ ಕಾಲು ಎಳೆಯುವ ಹುಡುಗನ ಕತೆ ಇದೇ.

ಆದರೆ ಭರ್ತಿಗೆ ಬಂದ ಸಾವಿರ ಜನರ ಬೆನ್ನಿಗೆ ಚೀಲ ಕಟ್ಟಲಾದೀತೆ? ಇದಕ್ಕೆ ಉಪಾಯ ಹುಡುಕಿದವರು ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್. ಅವರು 115 ಮಂದಿ ಸೈನಿಕರನ್ನು ಹನ್ನೆರಡು ನಿಮಿಷ ಓಡಿಸಿ ದೂರವನ್ನು ಅಳೆದರು. ಅದೇ ಜನರನ್ನು ಪ್ರಯೋಗಾಲಯದ ಯಂತ್ರದ ಮೇಲೆ ಓಡಿಸಿ ಆಮ್ಲಜನಕದ ಬಳಕೆಯನ್ನೂ ಅಳೆದರು. ಎರಡು ಲೆಕ್ಕಗಳೂ ಬಹುಮಟ್ಟಿಗೆ ತಾಳೆಯಾದವು. 1968ರಲ್ಲಿ ಈ ಪ್ರಬಂಧ ಹೊರಬಂತು. ಅದೇ ವರ್ಷ 'ಏರೋಬಿಕ್ಸ್' ಎಂಬ ಅವರ ಪುಸ್ತಕವೂ ಬಂದು ಮನೆಮಾತಾಯಿತು. ಬ್ರೆಜಿಲಿನಲ್ಲಿ ಮೆಲ್ಲನೆ ಓಡುವುದಕ್ಕೆ ಇಂದಿಗೂ ಕೂಪರ್ ಹೆಸರನ್ನೇ ಬಳಸುತ್ತಾರೆ.

ಹನ್ನೆರಡು ನಿಮಿಷ ಓಡಿಸುವುದರಲ್ಲಿ ಒಂದು ತೊಡಕಿದೆ. ಸೀಟಿ ಊದಿದಾಗ ನೂರು ಜನ ನೂರು ಕಡೆ ನಿಂತಿರುತ್ತಾರೆ. ಅವರ ದೂರ ಅಳೆಯುವುದು ತಲೆನೋವು. ದೂರವನ್ನು ನಿಗದಿ ಮಾಡಿಬಿಟ್ಟರೆ ಗೆರೆಯ ಬಳಿ ಒಬ್ಬ ಗಡಿಯಾರ ಹಿಡಿದು ನಿಂತರೆ ಸಾಕು. ಹಾಗೆ ಒಂದೂವರೆ ಮೈಲಿಯ ಓಟ ರೂಢಿಗೆ ಬಂತು. ಅದೇ ನಮ್ಮ ಸೇನೆಯ ಸೈನಿಕರು ದಶಕಗಳ ಕಾಲ ಓಡಿದ 2.4 ಕಿಲೋಮೀಟರ್. ಅಮೆರಿಕದ ಭೂಸೇನೆ 1980ರಲ್ಲಿ ಎರಡು ಮೈಲಿಯನ್ನು ಆರಿಸಿಕೊಂಡಿತು. ಅಂತೂ ಎದೆಗೆ ಹಿಡಿದಿದ್ದ ಟೇಪಿನ ಪಕ್ಕದಲ್ಲಿ ಗಡಿಯಾರವೂ ಬಂದು ಕೂತಿತು.

ಈ ಗಡಿಯಾರವನ್ನು ಸೋಲಿಸುವ ವಿದ್ಯೆ ಮಾತ್ರ ಬಂದದ್ದು ಓಟಗಾರರಿಂದ. ಅವರಲ್ಲಿ ಹಲವರು ಸಿಪಾಯಿಗಳೇ ಎಂಬುದು ಸ್ವಾರಸ್ಯ. ಫಿನ್‌ಲೆಂಡಿನ ಪಾವೊ ನುರ್ಮಿ 1919ರಲ್ಲಿ ಸೈನ್ಯ ಸೇರಿದವನು. ಬಂದೂಕು, ಹೊರೆ ಸಮೇತ ನಡೆಯುವ ಸ್ಪರ್ಧೆಯಲ್ಲಿ ಇವನು ಓಡಿಯೇ ಬಂದು, ಒಳದಾರಿ ಹಿಡಿದನೆಂಬ ಗುಮಾನಿಗೆ ಗುರಿಯಾದನಂತೆ. ಮುಂದೆ ಒಂಬತ್ತು ಒಲಿಂಪಿಕ್ ಚಿನ್ನ ಗೆದ್ದ ಈತ ಕೈಯಲ್ಲಿ ಗಡಿಯಾರ ಹಿಡಿದೇ ಓಡುತ್ತಿದ್ದ. ಎದುರಾಳಿಯನ್ನು ನೋಡದೆ ಮುಳ್ಳನ್ನು ನೋಡಿ ಪ್ರತಿ ಸುತ್ತನ್ನೂ ಒಂದೇ ಸಮನಾಗಿ ಓಡುವುದು ಅವನ ರೀತಿ. ಗಡಿಯಾರವನ್ನು ಅವನು ಬಳಸಿದ್ದು ತನ್ನನ್ನು ಬೆನ್ನಟ್ಟಿಸಿಕೊಳ್ಳಲು ಅಲ್ಲ, ತಡೆದು ನಿಲ್ಲಿಸಿಕೊಳ್ಳಲು.

ಜರ್ಮನಿಯಲ್ಲಿ 1930ರ ದಶಕದಲ್ಲಿ ವೊಲ್ಡೆಮಾರ್ ಗೆರ್ಷ್ಲರ್ ಎಂಬ ತರಬೇತುದಾರ ಒಂದು ದೊಡ್ಡ ಓಟವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿದ. ವೇಗವಾಗಿ ಸ್ವಲ್ಪ ದೂರ, ನಡುವೆ ಬಿಡುವು, ಮತ್ತೆ ವೇಗ. ಹೃದಯ ತಜ್ಞ ರೈಂಡೆಲ್ ಜೊತೆ ಸೇರಿ ಅವನು ಕಂಡುಕೊಂಡದ್ದು, ಹೃದಯ ಬಲಿಯುವುದು ಓಡುವಾಗಷ್ಟೇ ಅಲ್ಲ, ಬಿಡುವಿನಲ್ಲಿ ಸುಧಾರಿಸಿಕೊಳ್ಳುವಾಗಲೂ ಎಂದು. ಅವನ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರನ್ನು ಒಂದು ನಿಮಿಷ 46.6 ಸೆಕೆಂಡಿನಲ್ಲಿ ಓಡಿ ಜಗತ್ತನ್ನು ಬೆರಗುಗೊಳಿಸಿದ. ಐದು ವರ್ಷಗಳ ನಂತರ ಅವನು ಯುದ್ಧರಂಗದಲ್ಲಿ ಸತ್ತ. ಓಟದ ಚರಿತ್ರೆಯಲ್ಲಿ ಇಂಥ ಸಾವುಗಳು ಒಂದೆರಡಲ್ಲ.

ತುಂಡು ಓಟವನ್ನು ಪರಾಕಾಷ್ಠೆಗೆ ಒಯ್ದವನು ಚೆಕೊಸ್ಲೊವಾಕಿಯ ಸೈನ್ಯದ ಎಮಿಲ್ ಜಾಟೊಪೆಕ್. ಭಾರದ ಸೈನಿಕ ಬೂಟು ತೊಟ್ಟು ಕಾಡುದಾರಿಯಲ್ಲಿ ಓಡುತ್ತಿದ್ದ. ಒಂದೇ ದಿನ ನಾನೂರು ಮೀಟರನ್ನು ನಲವತ್ತು ಸಲ ಓಡುತ್ತಿದ್ದ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರನ್ನೂ ಗೆದ್ದ. ಅವನ ಕತೆ ಕೇಳಿದ ನಮ್ಮ ಹುಡುಗರಿಗೆ ನಲವತ್ತು ಎಂಬ ಅಂಕಿ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಆ ನಲವತ್ತರಲ್ಲಿ ಹೆಚ್ಚಿನವು ಮಿತವಾದ ವೇಗದವು, ನಡುನಡುವೆ ಮೆಲ್ಲನೆಯ ಓಟವಿತ್ತು, ಅಲ್ಲಿಗೆ ತಲುಪಲು ಅವನಿಗೆ ವರ್ಷಗಳು ಬೇಕಾದವು ಎಂಬುದನ್ನು ಯಾರೂ ಹೇಳುವುದಿಲ್ಲ.

ನಮ್ಮವರೇ ಆದ ಮಿಲ್ಖಾ ಸಿಂಗ್ ಮೂರು ಸಲ ಭರ್ತಿಯಲ್ಲಿ ತಿರಸ್ಕೃತರಾಗಿ, ನಾಲ್ಕನೆಯ ಪ್ರಯತ್ನದಲ್ಲಿ 1951ರಲ್ಲಿ ಸೈನ್ಯ ಸೇರಿದವರು. ಸಿಕಂದರಾಬಾದಿನ ಕೇಂದ್ರದಲ್ಲಿ ಹೊಸಬರಿಗೆಲ್ಲ ಐದಾರು ಮೈಲಿಯ ಕಡ್ಡಾಯ ಓಟ. ಮೊದಲ ಹತ್ತು ಮಂದಿಗೆ ಹೆಚ್ಚಿನ ತರಬೇತಿ. ಅವರು ಆರನೆಯವರಾದರು. ಒಂದು ಲೋಟ ಹೆಚ್ಚುವರಿ ಹಾಲಿನ ಆಸೆಗೆ ಓಡಿದೆ ಎಂದು ಮುಂದೆ ಹೇಳಿಕೊಳ್ಳುತ್ತಿದ್ದರು. ನಾನೂರು ಮೀಟರಿನ ವೀರನಾದವನನ್ನು ಸೈನ್ಯ ಗುರುತಿಸಿದ್ದು ಇಂಥ ದೂರದ ಓಟದಲ್ಲಿ!

ಹವಾಲ್ದಾರರ ನಿಧಾನ ಓಟಕ್ಕೆ ಸಮರ್ಥನೆ ಸಿಗುವುದು ನ್ಯೂಜಿಲೆಂಡಿನಲ್ಲಿ. ಅಲ್ಲಿ ಆರ್ಥರ್ ಲಿಡಿಯರ್ಡ್ ಎಂಬಾತ ಬೂಟಿನ ಕಾರ್ಖಾನೆಯಲ್ಲಿ ದುಡಿಯುತ್ತ, ತನ್ನ ಮೈಮೇಲೆಯೇ ಪ್ರಯೋಗ ಮಾಡಿ ಒಂದು ಕ್ರಮ ಕಂಡುಕೊಂಡ. ಅರ್ಧ ಮೈಲಿಯ ಓಟಗಾರನೂ ಮೊದಲು ತಿಂಗಳುಗಟ್ಟಲೆ ದೂರ ದೂರ, ಮಾತಾಡಿಕೊಂಡು ಓಡಬಹುದಾದ ವೇಗದಲ್ಲಿ ಓಡಬೇಕು. ವೇಗದ ಅಭ್ಯಾಸ ಕೊನೆಯ ಕೆಲವು ವಾರಗಳಿಗೆ. ಜನ ನಕ್ಕರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಅವನ ಇಬ್ಬರು ಶಿಷ್ಯರು, 800 ಮೀಟರಿನಲ್ಲಿ ಪೀಟರ್ ಸ್ನೆಲ್, 5,000 ಮೀಟರಿನಲ್ಲಿ ಮರ್ರೆ ಹಾಲ್‌ಬರ್ಗ್, ಚಿನ್ನ ಗೆದ್ದ ಮೇಲೆ ನಗು ನಿಂತಿತು. ಐದಾರು ನಿಮಿಷದ ಓಟಕ್ಕೆ ಬೇಕಾದ ಶಕ್ತಿಯ ಬಹುಪಾಲು ಆಮ್ಲಜನಕದ ಮೂಲಕವೇ ಬರುತ್ತದೆ. ನಿಧಾನವಾದ ದೀರ್ಘ ಓಟದಿಂದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದಬ್ಬಲು ಕಲಿಯುತ್ತದೆ, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಹಿಲ್ ಕಂಡ ಆ ಮಟ್ಟ ಮೇಲೇರುತ್ತದೆ. ಸಾಲ ಮಾಡುವ ಅಗತ್ಯ ತಡವಾಗುತ್ತದೆ. ಬೇಸಾಯದ ಮನೆಯ ಹುಡುಗನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನೆಲ ಹದ ಮಾಡದೆ ಬಿತ್ತುವವರು ಯಾರು?

ಕಷ್ಟ ಇರುವುದು ವೇಳೆಯಲ್ಲಿ. ಭರ್ತಿಯ ಪ್ರಕಟಣೆ ಬಂದಾಗ ಕೈಯಲ್ಲಿ ಉಳಿದಿರುವುದು ಕೆಲವೇ ವಾರ. ವಯಸ್ಸಿನ ಮಿತಿ ಹಿಂದಿನಿಂದ ತಳ್ಳುತ್ತಿರುತ್ತದೆ. ಕೋವಿಡ್ ಕಾಲದಲ್ಲಿ ಭರ್ತಿ ಎರಡು ವರ್ಷ ನಿಂತೇ ಹೋಗಿ, 2022ರಲ್ಲಿ ಅಗ್ನಿಪಥ ಯೋಜನೆ ಬಂದಾಗ ಆ ಒಂದು ವರ್ಷಕ್ಕೆ ಮಿತಿಯನ್ನು 21ರಿಂದ 23ಕ್ಕೆ ಏರಿಸಬೇಕಾಯಿತು. ಅಷ್ಟರಲ್ಲಿ ಎಷ್ಟೋ ಹುಡುಗರು ಓಡುವುದನ್ನೇ ಬಿಟ್ಟು ಗಾರೆ ಕೆಲಸಕ್ಕೋ ಹೋಟೆಲಿಗೋ ಸೇರಿದ್ದರು. ಹೀಗಿರುವಾಗ ದಿನವೂ ಪ್ರಾಣ ಬಿಟ್ಟು 1,600 ಮೀಟರ್ ಓಡಿ ಗಡಿಯಾರ ನೋಡುವ ಹುಡುಗನನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಆದರೆ ಅವನ ಕಣಕಾಲಿನ ಮೂಳೆಗೆ ಈ ಅವಸರ ಅರ್ಥವಾಗುವುದಿಲ್ಲವಲ್ಲ.

ಇದು ಸೈನ್ಯಕ್ಕೆ ಹಳೆಯ ಪಾಠ. 1855ರಲ್ಲಿ ಬ್ರೈಟ್‌ಹೌಪ್ಟ್ ಎಂಬ ಪ್ರಷ್ಯದ ಸೇನಾ ವೈದ್ಯ, ದೂರ ನಡೆದ ಸೈನಿಕರ ಪಾದ ಬಾತು ನೋಯುವುದನ್ನು ದಾಖಲಿಸಿದ. ಕಾರಣ ಗೊತ್ತಾಗಲಿಲ್ಲ. ಕ್ಷಕಿರಣ ಬಂದ ಮೇಲೆ, 1897ರಲ್ಲಿ, ಅದು ಮೂಳೆಯ ಸೂಕ್ಷ್ಮ ಬಿರುಕು ಎಂದು ಕಂಡಿತು. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿಕೊಂಡು ಆಮೇಲೆ ಹೊಸದನ್ನು ಕಟ್ಟುತ್ತದೆ. ನಡುವಿನ ವಾರಗಳಲ್ಲಿ ಅದು ದುರ್ಬಲ. ಆಗಲೇ ಹುಡುಗ ಓಟವನ್ನು ದುಪ್ಪಟ್ಟು ಮಾಡಿದರೆ, ರ‍್ಯಾಲಿಯ ದಿನ ಅವನು ಮನೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿರುತ್ತಾನೆ.

ಇದಕ್ಕಿಂತ ಘೋರವಾದದ್ದೂ ನಡೆದಿದೆ. 2024ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಜಾರ್ಖಂಡದ ಅಬಕಾರಿ ಪೇದೆಗಳ ಭರ್ತಿಯಲ್ಲಿ ಒಂದು ಗಂಟೆಯೊಳಗೆ ಹತ್ತು ಕಿಲೋಮೀಟರ್ ಓಡಬೇಕಿತ್ತು. ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಅದು ಸೈನ್ಯವಲ್ಲ ನಿಜ. ಆದರೆ ಓಡಿದವರು ಇದೇ ಮೈದಾನಗಳ ಇದೇ ಬಗೆಯ ಹುಡುಗರು. ಬಿಸಿಲು, ಸೆಕೆ ಎಷ್ಟಿದ್ದರೆ ಓಡಿಸಬಾರದು ಎಂಬುದಕ್ಕೆ ಅಮೆರಿಕದ ಸೇನಾ ಶಿಬಿರಗಳಲ್ಲಿ 1950ರ ದಶಕದಲ್ಲೇ ಒಂದು ಮಾಪನ ಸಿದ್ಧವಾಗಿತ್ತು. ಓಟ ಏರ್ಪಡಿಸುವ ನಮ್ಮ ಅಧಿಕಾರಿಗಳು ಅದನ್ನೊಮ್ಮೆ ನೋಡಬೇಕಿತ್ತು ಎನ್ನದೆ ವಿಧಿಯಿಲ್ಲ.

ಮೊನ್ನೆ ಶನಿವಾರ ಹವಾಲ್ದಾರರು ಜೇಬಿನಿಂದ ಗಡಿಯಾರ ತೆಗೆದರು. ಅಂದು ಪ್ರಶ್ನೆ ಕೇಳಿದ್ದ ಹುಡುಗನೂ ಸಾಲಿನಲ್ಲಿದ್ದ. ಸೀಟಿ ಊದಿದೊಡನೆ ಹತ್ತು ಹನ್ನೆರಡು ಜನ ಅವನನ್ನು ಹಿಂದಿಕ್ಕಿ ನುಗ್ಗಿದರು. 'ಹೋಗಲಿ ಬಿಡು, ಹೋಗಲಿ ಬಿಡು' ಎಂದು ಹವಾಲ್ದಾರರು ಅಂಚಿನಿಂದ ಕೂಗುತ್ತಿದ್ದರು. ಮೊದಲ ಸುತ್ತು ಎಂಬತ್ತನಾಲ್ಕು. ಎರಡನೆಯದು ಎಂಬತ್ತಮೂರು. ಮೂರನೆಯ ಸುತ್ತಿನ ತಿರುವಿನಲ್ಲಿ ಮುಂದೆ ಹೋದವರು ಒಬ್ಬೊಬ್ಬರಾಗಿ ಸೊಂಟದ ಮೇಲೆ ಕೈಯಿಟ್ಟುಕೊಳ್ಳತೊಡಗಿದರು. ಇವನು ಅವರನ್ನು ದಾಟುತ್ತ ಬಂದ. ಗೆರೆ ಮುಟ್ಟಿದಾಗ ಐದು ಮೂವತ್ತಮೂರು. ಇನ್ನೂ ಮೂರು ಸೆಕೆಂಡು ಹೆಚ್ಚು. ರ‍್ಯಾಲಿಗೆ ಐದು ವಾರವಿದೆ.