ಆಮಶಂಕೆ: ಕಾರಣಗಳ ಚರಿತ್ರೆ

ಆಮಶಂಕೆ ದೊಡ್ಡ ಕರುಳಿನ ರೋಗ. ಸುಮಾರು ಒಂದೂವರೆ ಮೀಟರ್ ಉದ್ದದ ಈ ಕರುಳಿನ ಒಳಪೊರೆ ಹುಣ್ಣಾಗಿ, ಹೊಟ್ಟೆ ನುಲಿದು, ರಕ್ತವೂ ಲೋಳೆಯೂ ಬೆರೆತ ಮಲ ಸ್ವಲ್ಪ ಸ್ವಲ್ಪವೇ ಹಲವು ಸಲ ಹೋಗುತ್ತದೆ. ಬರಿಯ ಭೇದಿಯಲ್ಲಿ ನೀರಿನಂತೆ ಹೋಗಿ ಹೊಟ್ಟೆ ಖಾಲಿಯಾಗುತ್ತದೆ. ಆಮಶಂಕೆಯಲ್ಲಿ ಹೋಗುವುದಕ್ಕಿಂತ ಹೋಗಬೇಕೆನ್ನಿಸುವುದೇ ಹೆಚ್ಚು. ಲಘುಶಂಕೆ ಎಂಬಲ್ಲಿರುವ ಶಂಕೆಯೇ ಈ ಹೆಸರಿನಲ್ಲೂ ಕೇಳಿಸುತ್ತದೆ. ರಕ್ತ ಹೆಚ್ಚಾಗಿ ಕಂಡರೆ ರಕ್ತಭೇದಿ ಎನ್ನುವುದುಂಟು. ಹೆಸರು ಒಂದೇ ಆದರೂ ಅದರಡಿ ಕೂಡಿಕೊಂಡಿದ್ದ ರೋಗಗಳು ಹಲವು. ಅವನ್ನು ಬಿಡಿಸಿಕೊಳ್ಳಲು ವೈದ್ಯರಿಗೆ ಶತಮಾನಗಳೇ ಬೇಕಾದವು.

ಆಯುರ್ವೇದ ಅತಿಸಾರವನ್ನೂ ಪ್ರವಾಹಿಕೆಯನ್ನೂ ಬೇರೆಯಾಗಿಯೇ ಹೇಳಿತ್ತು. ತಿಣುಕಿ ತಿಣುಕಿ ಕಫ ಬೆರೆತ ಮಲ ಹೋಗುವುದು ಪ್ರವಾಹಿಕೆ. ಆಮವೋ (ಅರಗದ್ದೋ) ಪಕ್ವವೋ (ಅರಗಿದ್ದೋ) ಎಂದು ತಿಳಿಯಲು ಮಲವನ್ನು ನೀರಿಗೆ ಹಾಕಿ, ಮುಳುಗುತ್ತದೆಯೇ ತೇಲುತ್ತದೆಯೇ ಎಂದು ನೋಡುವ ಪರೀಕ್ಷೆಯೂ ಇತ್ತು. ಗ್ರೀಕರ ‘ಡಿಸೆಂಟೀರಿಯಾ’ಕ್ಕೆ ಕರುಳು ಕೆಟ್ಟಿದೆ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಔಷಧಗಳಲ್ಲಿ ಮೊದಲು ನಿಲ್ಲುವುದು ಕುಟಜ, ಕನ್ನಡದ ಕೊಡಸಿಗೆ. ಅದರ ತೊಗಟೆ ‘ತಲಶ್ಶೇರಿ ತೊಗಟೆ’ ಎಂಬ ಹೆಸರಿನಲ್ಲಿ ಯುರೋಪಿನ ಔಷಧ ಗ್ರಂಥಗಳನ್ನೂ ಸೇರಿತು. ಮಲೆನಾಡಿನ ಮನೆಗಳಲ್ಲಿ ಕೊಡಸಿಗೆಯ ಹೂವನ್ನು ಒಣಗಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಾರೆ. ಬೇಕಾದಾಗ ತುಪ್ಪದಲ್ಲಿ ಹುರಿದು, ಜೀರಿಗೆ, ಕಾಳುಮೆಣಸು, ಕಾಯಿತುರಿಯ ಜೊತೆ ಅರೆದು, ಮಜ್ಜಿಗೆ ಬೆರೆಸಿದರೆ ಕಹಿಯೊಗರಿನ ತಂಬುಳಿ. ಹೊಟ್ಟೆ ಕೆಟ್ಟಾಗ ಇದರ ನೆನಪಾಗುವುದು ಈಗಲೂ ಇದೆ.

ಯುರೋಪಿಗೆ ಸಿಕ್ಕ ಮದ್ದು ಬ್ರೆಜಿಲ್‌ನ ಇಪಿಕಾಕ್ ಬೇರು. 1648ರಲ್ಲಿ ಡಚ್ ವೈದ್ಯ ಪೀಸೊ ಅದನ್ನು ವರ್ಣಿಸಿದ. ಕೆಲವು ದಶಕಗಳ ಮೇಲೆ ಪ್ಯಾರಿಸ್ಸಿನಲ್ಲಿ ಹೆಲ್ವೇಷಿಯಸ್ ಎಂಬ ವೈದ್ಯ ಅದನ್ನೇ ಗುಟ್ಟಿನ ಮದ್ದಾಗಿ ಮಾರುತ್ತಿದ್ದ. ಹದಿನಾಲ್ಕನೆಯ ಲೂಯಿ ಹಣ ಕೊಟ್ಟು ಗುಟ್ಟನ್ನು ಕೊಂಡ. ಆದರೆ ಬೇರು ವಾಂತಿ ಬರಿಸುತ್ತಿತ್ತು. ಅಫೀಮು ಕೊಟ್ಟು ಮಲಗಿಸಿ, ಅಲುಗಾಡಬೇಡ ಎಂದು ಹೇಳಿ ಕುಡಿಸಬೇಕಾಗುತ್ತಿತ್ತು. ಅಷ್ಟೆಲ್ಲ ಮಾಡಿದರೂ ಒಬ್ಬನಿಗೆ ಗುಣವಾಗುತ್ತಿತ್ತು, ಪಕ್ಕದ ಹಾಸಿಗೆಯವನಿಗೆ ಆಗುತ್ತಿರಲಿಲ್ಲ. ಇಬ್ಬರದೂ ಬೇರೆ ಬೇರೆ ರೋಗ ಎಂಬ ಅನುಮಾನ ಬರಬೇಕಾದದ್ದು ಇಲ್ಲೇ. ಬರಲಿಲ್ಲ. ದೋಷವನ್ನು ಹವೆಯ ಮೇಲೋ, ಹಣ್ಣಿನ ಮೇಲೋ, ಬೇರಿನ ಪ್ರಮಾಣದ ಮೇಲೋ ಹೊರಿಸಿ ಮುಂದೆ ಹೋದರು.

1875ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ವೈದ್ಯ ಲೋಶ್ ಒಂದು ವರದಿ ಪ್ರಕಟಿಸಿದ. ಉತ್ತರ ರಷ್ಯದ ಆರ್ಖಾಂಗೆಲ್ಸ್ಕ್ ಕಡೆಯ ಒಬ್ಬ ಬಡ ರೈತನ ಮಲದಲ್ಲಿ ಅವನು ಚಲಿಸುವ ಆಮೀಬಾಗಳನ್ನು ಕಂಡಿದ್ದ. ರೋಗಿ ಸತ್ತ ಮೇಲೆ ಕರುಳಿನ ಹುಣ್ಣುಗಳನ್ನೂ ನೋಡಿದ್ದ. ಆಮಶಂಕೆಯನ್ನು ಉಷ್ಣದೇಶದ ರೋಗವೆನ್ನುವವರು ಗಮನಿಸಬೇಕಾದ ಊರು ಇದು: ಆರ್ಖಾಂಗೆಲ್ಸ್ಕ್ ಹಿಮದ ನಾಡು. ಆದರೂ ಲೋಶ್, ಆಮೀಬಾ ಹುಣ್ಣನ್ನು ಆರಲು ಬಿಡುವುದಿಲ್ಲ, ಹುಣ್ಣಿಗೆ ಮೂಲ ಮಾತ್ರ ಬೇರೆ ಎಂದುಕೊಂಡ. ಅದೇ ಮೂಲ ಎಂದು ವಾದಿಸಿದವನು ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದ ಕಾರ್ಟುಲಿಸ್ (1886). ಬಾಲ್ಟಿಮೋರಿನ ಕೌನ್ಸಿಲ್‌ಮನ್ ಮತ್ತು ಲಾಫ್ಲರ್ 1891ರಲ್ಲಿ ‘ಆಮೀಬಾ ಆಮಶಂಕೆ’ ಎಂಬ ಹೆಸರು ಕೊಟ್ಟು, ಯಕೃತ್ತಿನ ಬಾವನ್ನೂ ಇದಕ್ಕೆ ಜೋಡಿಸಿದರು. ಹುಣ್ಣಿನ ಆಕಾರವೇ ಒಂದು ಗುರುತು: ಮೇಲೆ ಸಣ್ಣ ಬಾಯಿ, ಒಳಗೆ ಹೊಟ್ಟೆ ಅಗಲ, ಥೇಟ್ ಹೂಜಿ.

ಕೆಲವೇ ವರ್ಷಗಳಲ್ಲಿ ಎರಡನೆಯ ಕಾರಣವೂ ಸಿಕ್ಕಿತು. 1897ರಲ್ಲಿ ಜಪಾನಿನಲ್ಲಿ 90,000ಕ್ಕೂ ಹೆಚ್ಚು ಜನ ರಕ್ತಭೇದಿಗೆ ತುತ್ತಾದರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಸತ್ತರು. ಅವರ ಭಾಷೆಯಲ್ಲಿ ಇದು ‘ಸೆಕಿರಿ’, ಅಂದರೆ ಕೆಂಪು ಭೇದಿ. ಬ್ಯಾಕ್ಟೀರಿಯ ತಜ್ಞ ಕಿತಸಾಟೊನ ಸಂಸ್ಥೆಗೆ ಹೊಸದಾಗಿ ಸೇರಿದ್ದ ಕಿಯೋಶಿ ಶಿಗಾ 36 ರೋಗಿಗಳನ್ನು ಪರೀಕ್ಷಿಸಿದ. ಕರುಳಿನಲ್ಲಿ ಬ್ಯಾಕ್ಟೀರಿಯಗಳಿಗೇನು ಬರವೇ? ಅಪರಾಧಿ ಯಾವುದೆಂದು ಗೊತ್ತಾಗಬೇಕಲ್ಲ. ಅವನು ಹಿಡಿದ ದಾರಿ ಜಾಣತನದ್ದು. ರೋಗಿಯ ರಕ್ತದ ಸೀರಮ್ಮಿಗೆ ಬ್ಯಾಕ್ಟೀರಿಯಗಳನ್ನು ಬೆರೆಸಿ, ಯಾವುದು ಗಂಟುಗಟ್ಟುತ್ತದೆ ಎಂದು ನೋಡಿದ. ದೇಹ ಯಾರ ಜೊತೆ ಹೋರಾಡಿತ್ತೋ ಅದನ್ನೇ ಸೀರಮ್ ಗುರುತಿಸಿತು. ಆ ಬ್ಯಾಕ್ಟೀರಿಯದ ಕುಲಕ್ಕೆ ಮುಂದೆ ಶಿಗೆಲ್ಲಾ ಎಂದೇ ಹೆಸರಾಯಿತು. ಹತ್ತರಿಂದ ನೂರು ಬ್ಯಾಕ್ಟೀರಿಯ ಹೊಟ್ಟೆಗೆ ಹೋದರೂ ರೋಗ ಬರಬಹುದು. ತೊಳೆಯದ ಕೈಯೊಂದು ಸಾಕು.

ಇಪಿಕಾಕ್‌ನ ಒಗಟು ಬಿಡಿಸಿಕೊಂಡದ್ದು ಆಮೇಲೆ. ಬೇರಿನ ಸಾರವಾದ ಎಮೆಟಿನ್ ಆಮೀಬಾವನ್ನು ಕೊಲ್ಲುತ್ತದೆ ಎಂದು ವೆಡ್ಡರ್ ಎಂಬ ವೈದ್ಯ ಮನಿಲಾದಲ್ಲಿ ತೋರಿಸಿದ. 1912ರಲ್ಲಿ ಲಿಯೊನಾರ್ಡ್ ರೋಜರ್ಸ್ ಕಲ್ಕತ್ತದಲ್ಲಿ ಅದನ್ನು ಚುಚ್ಚುಮದ್ದಾಗಿ ಕೊಟ್ಟ. ಆಮೀಬಾದವರು ಎದ್ದು ಕೂತರು, ಶಿಗೆಲ್ಲಾದವರಿಗೆ ಏನೂ ಆಗಲಿಲ್ಲ. ಔಷಧವೇ ಎರಡು ರೋಗಗಳನ್ನು ಬೇರ್ಪಡಿಸಿತು. ಎಮೆಟಿನ್ ಹೃದಯಕ್ಕೆ ಕೆಟ್ಟದ್ದು; 1960ರ ದಶಕದಲ್ಲಿ ಮೆಟ್ರೊನಿಡಜೋಲ್ ಅದರ ಜಾಗಕ್ಕೆ ಬಂತು.

ಎಮೆಟಿನ್ ಬಂದ ಹೊಸತರಲ್ಲೇ ಇನ್ನೊಂದು ತೊಡಕು ಎದುರಾಗಿತ್ತು. 1913ರಲ್ಲಿ ವಾಕರ್ ಮತ್ತು ಸೆಲ್ಲರ್ಡ್ಸ್ ಮನಿಲಾದ ಬಿಲಿಬಿಡ್ ಸೆರೆಮನೆಯ 20 ಕೈದಿಗಳಿಗೆ ಆಮೀಬಾದ ಕೋಶಗಳನ್ನು (ಸಿಸ್ಟ್) ನುಂಗಿಸಿದರು. ಕೈದಿಗಳು ಸ್ವಯಂಸೇವಕರೆಂದು ಬರೆದಿದ್ದಾರೆ. ಸೆರೆಮನೆಯಲ್ಲಿ ಆ ಮಾತಿಗೆ ಎಷ್ಟು ಬೆಲೆಯೋ. 18 ಮಂದಿಯಲ್ಲಿ ಆಮೀಬಾ ನೆಲೆಯಾಯಿತು, ಆಮಶಂಕೆ ಬಂದದ್ದು ನಾಲ್ವರಿಗೆ. ಉಳಿದವರಿಗೆ ಯಾಕೆ ಬರಲಿಲ್ಲ? ಒಂದೇ ಬಗೆಯಂತೆ ಕಾಣುವ ಎರಡು ಆಮೀಬಾಗಳಿವೆ, ಒಂದು ನಿರುಪದ್ರವಿ ಎಂದು ಫ್ರಾನ್ಸಿನ ಬ್ರುಂಪ್ಟ್ 1925ರಲ್ಲಿ ಹೇಳಿದ. ಸೂಕ್ಷ್ಮದರ್ಶಕದಲ್ಲಿ ಎರಡರ ಕೋಶಗಳೂ ಒಂದೇ ಥರ ಕಾಣುವುದರಿಂದ ಬಹುಪಾಲು ಜನ ಒಪ್ಪಲಿಲ್ಲ. ರಾಸಾಯನಿಕ ಮತ್ತು ತಳಿಗುಣದ ಪರೀಕ್ಷೆಗಳ ನಂತರ 1993ರಲ್ಲಷ್ಟೇ ಡೈಮಂಡ್ ಮತ್ತು ಕ್ಲಾರ್ಕ್ ಅವನ ಮಾತನ್ನು ಎತ್ತಿಹಿಡಿದರು. ಆಮೀಬಾ ಇದೆ ಎಂದು ಬರೆದ ಎಷ್ಟೋ ಹಳೆಯ ಲ್ಯಾಬ್ ಚೀಟಿಗಳು ಈ ನಿರುಪದ್ರವಿಯ ಲೆಕ್ಕವೇ.

ತಪ್ಪು ಗುರುತಿಸುವಿಕೆಗೆ ದೊಡ್ಡ ಬೆಲೆ ತೆತ್ತದ್ದು 1933ರ ಷಿಕಾಗೊ. ವಿಶ್ವಮೇಳಕ್ಕೆ ಬಂದು ಎರಡು ಹೋಟೆಲ್‌ಗಳಲ್ಲಿ ಇಳಿದುಕೊಂಡವರ ಕುಡಿಯುವ ನೀರಿಗೆ ಹಳೆಯ ಕೊಳಾಯಿಗಳ ಮೂಲಕ ಕಕ್ಕಸಿನ ನೀರು ಸೇರುತ್ತಿತ್ತು. ಸುಮಾರು 1,400 ಜನ ಆಮೀಬಾ ಆಮಶಂಕೆಗೆ ಬಿದ್ದರು, ನೂರರ ಹತ್ತಿರ ಸತ್ತರು. ಊರಿಗೆ ಮರಳಿದ ಮೇಲೆ ನೋವು ಶುರುವಾದವರಲ್ಲಿ ಕೆಲವರನ್ನು ಅಪೆಂಡಿಸೈಟಿಸ್ ಎಂದು ಕೊಯ್ದರು.

ಸೂಕ್ಷ್ಮಜೀವಿಯೇ ಸಿಗದ ರಕ್ತಭೇದಿಯೂ ಉಂಟು. 1859ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್ ವರ್ಣಿಸಿದ ಕರುಳಿನ ಹುಣ್ಣು ಮುಂದೆ ಅಲ್ಸರೇಟಿವ್ ಕೊಲೈಟಿಸ್ ಎನಿಸಿಕೊಂಡಿತು. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಯಾಕೆಂಬುದು ಪೂರ್ತಿ ತಿಳಿದಿಲ್ಲ. ಆಮಶಂಕೆ ಸಾಮಾನ್ಯವಾದ ನಾಡುಗಳಲ್ಲಿ ಇದನ್ನು ಆಮೀಬಾ ಎಂದೇ ತಿಳಿದು ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದು ನಡೆಯುತ್ತದೆ. ತಿರುಗುಮುರುಗಾದರೆ ಅಪಾಯ ಇನ್ನೂ ಹೆಚ್ಚು: ಕೊಲೈಟಿಸ್‌ಗೆ ಕೊಡುವ ಸ್ಟೀರಾಯ್ಡನ್ನು ಆಮೀಬಾ ಇರುವ ಕರುಳಿಗೆ ಕೊಟ್ಟರೆ ಹುಣ್ಣು ತೂತಾಗಬಹುದು. ಹಾಗಾಗಿ ಸ್ಟೀರಾಯ್ಡ್ ಬರೆಯುವ ಮುನ್ನ ಮಲದ ಹನಿಯೊಂದನ್ನು ಬಿಸಿ ಆರುವುದರೊಳಗೆ ಗಾಜಿನ ಮೇಲಿಟ್ಟು, ಕೆಂಪು ರಕ್ತಕಣ ನುಂಗಿದ ಆಮೀಬಾ ಇದೆಯೇ ಎಂದು ನೋಡುವ ಲೋಶ್‌ನ ಕಾಲದ ಕೆಲಸ ಇನ್ನೂ ಉಳಿದಿದೆ.