ಸ್ವಾನ್-ಗಾಂಜ್ ಕ್ಯಾತಿಟರ್: ಐಸಿಯು ಶುಶ್ರೂಷೆಯಲ್ಲಿ ಸುರಕ್ಷಿತ ಬಳಕೆ

ಸ್ವಾನ್-ಗಾಂಜ್ ಕ್ಯಾತಿಟರ್ ಎಂದರೆ ಹೃದಯದ ಬಲಭಾಗದಲ್ಲೂ ಶ್ವಾಸಕೋಶದ ಅಪಧಮನಿಯಲ್ಲೂ ಇರುವ ರಕ್ತದೊತ್ತಡವನ್ನು ಒಳಗಿನಿಂದಲೇ ಅಳೆಯುವ, ತುದಿಯಲ್ಲಿ ಪುಟ್ಟ ಬಲೂನ್ ಇರುವ ತೆಳುವಾದ ಕೊಳವೆ. ಲಾಸ್ ಏಂಜಲೀಸ್‌ನ ಜೆರೆಮಿ ಸ್ವಾನ್ ಮತ್ತು ವಿಲಿಯಂ ಗಾಂಜ್ 1970ರಲ್ಲಿ ಇದನ್ನು ವೈದ್ಯಲೋಕದ ಮುಂದಿಟ್ಟರು. ಉದ್ದ ಸಾಮಾನ್ಯವಾಗಿ 110 ಸೆಂ.ಮೀ. ವೈದ್ಯರು ಇದನ್ನು ಹೆಚ್ಚಾಗಿ ಕುತ್ತಿಗೆಯ ಅಭಿಧಮನಿಯಿಂದ ಒಳಬಿಡುತ್ತಾರೆ. ಉಬ್ಬಿದ ಬಲೂನ್ ರಕ್ತದ ಜೊತೆ ತೇಲುತ್ತ ಬಲ ಹೃತ್ಕರ್ಣ, ಹೃತ್ಕುಕ್ಷಿಗಳನ್ನು ದಾಟುತ್ತದೆ. ಹೃತ್ಕುಕ್ಷಿಯಲ್ಲಿ ಸಾಗುವಾಗ ಹೃದಯದ ಲಯ ತಪ್ಪುವುದುಂಟು, ಆದ್ದರಿಂದ ಡಿಫಿಬ್ರಿಲೇಟರ್ ಪಕ್ಕದಲ್ಲೇ ಇರಬೇಕು.

ಕೂರಿಸುವುದು ವೈದ್ಯರ ಕೆಲಸ; ಆಮೇಲೆ ಹಗಲೂ ರಾತ್ರಿ ಕಾಯುವವರು ನರ್ಸ್‌ಗಳು. ಅವರು ನೋಡಬೇಕಾದದ್ದು ಮಾನಿಟರಿನ ಅಂಕಿಗಿಂತ ಮೊದಲು ಅಲೆಯ ಆಕಾರ. ವೆಜ್ ಒತ್ತಡ (ಬಲೂನ್ ಶ್ವಾಸಕೋಶದ ಅಪಧಮನಿಯ ಕವಲನ್ನು ಮುಚ್ಚಿದಾಗ ಕೊಳವೆಯ ತುದಿಯಲ್ಲಿ ಸಿಗುವ ಒತ್ತಡ) ಅಳೆಯಲು ಬಲೂನಿಗೆ ಗಾಳಿಯನ್ನಷ್ಟೇ, ನಿಧಾನವಾಗಿ, 1.5 ಮಿ.ಲೀ. ಮೀರದಂತೆ ತುಂಬುತ್ತಾರೆ. ಅಲೆ ಬದಲಾದ ಕ್ಷಣವೇ ಕೈ ನಿಲ್ಲಬೇಕು. 15 ಸೆಕೆಂಡಿಗಿಂತ ಹೆಚ್ಚು ಹಿಡಿಯಕೂಡದು. ಸಿರಿಂಜ್ ಬಿಡಿಸಿ ಗಾಳಿ ತಾನಾಗಿ ಹೊರಹೋಗಲು ಬಿಡಬೇಕು. ಅರ್ಧ ಮಿ.ಲೀ.ಗೇ ವೆಜ್ ಅಲೆ ಬಂದರೆ ಕೊಳವೆ ತೀರಾ ಮುಂದೆ ಸರಿದಿದೆ ಎಂದರ್ಥ. ಬಲೂನ್ ಇಳಿದಿದ್ದರೂ ಆ ಅಲೆ ಉಳಿದಿದ್ದರೆ ಶ್ವಾಸಕೋಶದ ಆ ಭಾಗಕ್ಕೆ ರಕ್ತ ನಿಂತಿರುತ್ತದೆ: ರೋಗಿಯ ಮಗ್ಗುಲು ಬದಲಿಸಿ, ಕೆಮ್ಮಿಸಿ, ತಕ್ಷಣ ವೈದ್ಯರನ್ನು ಕರೆಯಬೇಕು. ಆ ಸ್ಥಿತಿಯಲ್ಲಿ ಫ್ಲಶ್ ಮಾಡಿದರೆ ಅಪಧಮನಿಯೇ ಒಡೆಯಬಹುದು. ಇದು ಅಪರೂಪ, ಆದರೆ ಪ್ರಾಣಾಂತಿಕ. ಕೆಮ್ಮಿನಲ್ಲಿ ರಕ್ತ ಕಂಡರೆ ಒಂದು ನಿಮಿಷವೂ ಕಾಯುವಂತಿಲ್ಲ.

ಒತ್ತಡವನ್ನು ಗ್ರಹಿಸಿ ಮಾನಿಟರಿಗೆ ಕಳಿಸುವ ಟ್ರಾನ್ಸ್‌ಡ್ಯೂಸರ್ ಇರಬೇಕಾದ್ದು ನಾಲ್ಕನೇ ಪಕ್ಕೆಲುಬಿನ ಸಂದಿಯ ನೇರಕ್ಕೆ, ಎದೆ-ಬೆನ್ನುಗಳ ನಡುಮಟ್ಟದಲ್ಲಿ. ಅದು 10 ಸೆಂ.ಮೀ. ಕೆಳಗಿದ್ದರೆ ಒತ್ತಡ ಸುಮಾರು 7 ಮಿ.ಮೀ. ಪಾದರಸದಷ್ಟು ಹೆಚ್ಚು ತೋರುತ್ತದೆ. ವೆಜ್ ಒತ್ತಡದ ಸಹಜ ಮಟ್ಟವೇ 6ರಿಂದ 12. ನಿಜಕ್ಕೂ 10 ಇರುವವರಲ್ಲಿ 17 ಕಂಡರೆ, ಡ್ರಿಪ್ ಬೇಕಾದ ರೋಗಿಗೆ ಮೂತ್ರ ಇಳಿಸುವ ಔಷಧ ಬೀಳಬಹುದು. ಮಂಚ ಎತ್ತಿ ಇಳಿಸಿದಾಗಲೆಲ್ಲ ಮಟ್ಟ ನೋಡಲೇಬೇಕು. ಓದುವುದು ಉಸಿರು ಬಿಟ್ಟು ಮುಗಿದ ಹಂತದಲ್ಲಿ. ಫ್ಲಶ್ ದ್ರವದ ಪ್ರೆಶರ್ ಬ್ಯಾಗ್ 300 ಮಿ.ಮೀ. ಪಾದರಸದ ಒತ್ತಡದಲ್ಲಿರಬೇಕು. ಸೋಂಕಿನ ವಿಷಯದಲ್ಲಿ ಕೈತೊಳೆಯುವುದು, ಒಣ ಡ್ರೆಸ್ಸಿಂಗ್, ಅಗತ್ಯ ಮುಗಿದೊಡನೆ ಕೊಳವೆ ತೆಗೆಯುವುದು ಮುಖ್ಯ.

2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ಯಾಕ್-ಮ್ಯಾನ್ ಅಧ್ಯಯನ, ಐಸಿಯು ರೋಗಿಗಳ ಸಾವಿನ ಪ್ರಮಾಣವನ್ನು ಈ ಕ್ಯಾತಿಟರ್ ಬದಲಿಸಲಿಲ್ಲ ಎಂದು ಕಂಡಿತು. ಈಗ ಬಳಕೆ ತಗ್ಗಿದೆ, ಅದೂ ಮುಖ್ಯವಾಗಿ ಹೃದಯಾಘಾತದ ನಂತರದ ಶಾಕ್, ಹೃದಯ ಕಸಿ, ಶ್ವಾಸಕೋಶದ ಅಧಿಕ ರಕ್ತದೊತ್ತಡದಂಥ ಸಂದರ್ಭಗಳಲ್ಲಿ. ಹಾಗಾಗಿ ಕೈಪಳಗಿದ ನರ್ಸ್‌ಗಳೂ ಕಡಿಮೆಯಾಗುತ್ತಿರುವುದು ಆತಂಕದ ಸಂಗತಿ.

ತೆಗೆಯುವಾಗ ಬಲೂನ್ ಪೂರ್ತಿ ಇಳಿದಿರಬೇಕು, ಇಲ್ಲವಾದರೆ ಕವಾಟ ಹರಿಯಬಹುದು. ಕೊಳವೆ ಎಲ್ಲಾದರೂ ತಡೆದರೆ ಒಳಗೆ ಗಂಟು ಬಿದ್ದಿರುವ ಸಾಧ್ಯತೆಯಿದೆ. ಎಕ್ಸ್‌ರೇ ನೋಡುವವರೆಗೆ ಎಳೆಯಕೂಡದು.